ನೆವೆಂಕಾ ಮೇಡಂ ಕಾಫಿ ಮುಟ್ಟಲಿಲ್ಲ

"ಕಾಫಿ ಪೊಟ್ಟಣ ವಾಪಸ್ ಕೊಟ್ರಾ?" ಅಮ್ಮ ಕುರ್ಚಿ ಎಳೆದು ಕೂತಳು.

"ಹೂಂ. ಮನೇಲಿ ನೀವೇ ಕುಡೀರಿ ಅಂದ್ರು. ನಗ್ತಾ ಅಂದ್ರು."

"ನಗ್ತಾ ಬೇರೆ! ಮುಗೀತು ಬಿಡು ಸೆಂಕಾ, ಸೀಟು ಆಗಲೇ ಯಾರ್ದೋ ಪಾಲಾಗಿದೆ."

ಆಸ್ಪತ್ರೆಯಿರಲಿ, ಪುರಸಭೆಯಿರಲಿ, ನಮ್ಮಲ್ಲಿ ಕೆಲಸ ಆಗಬೇಕಾದರೆ ಒಂದು ಪೊಟ್ಟಣ ಕಾಫಿ, ಒಂದು ಬಾಟಲಿ ರಾಕಿಯಾ, ಮನೇಲೇ ಇಳಿಸಿದ ಪ್ಲಮ್ ಹಣ್ಣಿನ ಸಾರಾಯಿ. ಲಂಚ ಅನ್ನಬೇಡಿ, ಮರ್ಯಾದೆ ಅದು. ತಗೊಂಡವರು ಕೆಲಸ ಮಾಡಿಕೊಡ್ತಾರೆ. ತಗೊಳ್ಳದವರು ಇನ್ನೊಬ್ಬರ ಹತ್ತಿರ ದೊಡ್ಡದೇ ತಗೊಂಡಿರ್ತಾರೆ.

ನಾನು ಓದಿದ್ದು ಚಿತ್ರಕಲೆ. ಆದರೆ ಕುಂಚ ಮೂಲೆಗಿಟ್ಟು, ಕಲಾಕೃತಿ ಅಂತ ಒಂದು ಲಿಫ್ಟ್ ಮಾಡಿದ್ದೆ. ಯಾವ ಮಹಡಿಯ ಗುಂಡಿ ಒತ್ತುತ್ತೀರೋ ಆ ಮಹಡಿಯ ಅಜ್ಜಿಯರ ಹರಟೆ ಕೇಳಿಸುತ್ತದೆ. ಅದನ್ನೇ ಬೆಳೆಸಿ ನವಮಾಧ್ಯಮ ಕಲೆಯಲ್ಲಿ ಪಿಎಚ್‌ಡಿ ಮಾಡಬೇಕು, ಲಿಫ್ಟ್ ಮಾತ್ರ ನನ್ನದಾಗಿಯೇ ಉಳಿಯಬೇಕು. ಬೇರೇನೂ ಕೇಳಿರಲಿಲ್ಲ ನಾನು.

ಕರೆದವರು ಇಬ್ಬರು ಪ್ರೊಫೆಸರರು: ನೋವಿ ಸಾದ್‌ನ ನೆವೆಂಕಾ ಮೇಡಂ, ನಮ್ಮೂರಿನ ತಿಹೊಮಿರ್ ಸರ್. ಮೂಲ ಪದವಿಪತ್ರ ಇರೋದು ಒಂದೇ. ಒಂದು ಕಡೆ ಕೊಟ್ಟರೆ ಇನ್ನೊಂದು ಕಡೆ ಬಾಗಿಲು ಬಂದ್.

ನೆವೆಂಕಾ ಮೇಡಂ ಲಿಫ್ಟಿನ ಬಗ್ಗೆ ಕೇಳಿದ್ದೇ ಕೇಳಿದ್ದು. "ಅಜ್ಜಿಯರಲ್ಲಿ ಜಾಸ್ತಿ ಬಯ್ಯೋಳು ಯಾರೇ?" ಅಂತ ಕೂಡ ಕೇಳಿದರು. ಇಷ್ಟೆಲ್ಲ ಯಾಕೆ ಬೇಕಪ್ಪಾ ಇವರಿಗೆ? ಕದಿಯೋಕಾ? ಕೊನೆಗೆ, "ನಿಂಗೆ ಕೆಲಸ ಮಾಡೋಕೆ ಒಂದು ಕೋಣೆ ಖಾಲಿ ಮಾಡಿಸ್ತೀನಿ, ಸೋಮವಾರ ಪದವಿಪತ್ರ ತಗೊಂಡು ಬಾ" ಅಂದರು. ಯಾರ ಮಗಳು ಅಂತ ಕೂಡ ಕೇಳದೆ ಕೋಣೆ ಕೊಡೋರು ಉಂಟಾ? ಬೆಳ್ಳಗಿರೋದೆಲ್ಲ ಹಾಲಲ್ಲ ಅಂದಳು ಅಮ್ಮ. ನನಗೂ ಹೌದೆನ್ನಿಸಿತು.

ತಿಹೊಮಿರ್ ಸರ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಯಾರ ಮನೇದು?"

"ಸೋದರಮಾವನ ಮನೇದು ಸರ್."

"ಆಯ್ತು ಅನ್ಕೋ ಮಗಳೇ."

ಲಿಫ್ಟಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನನಗೋ, ಹೋದ ಜೀವ ಬಂದ ಹಾಗಾಯಿತು. ಇಂಥ ಮನುಷ್ಯರನ್ನು ಹುಟ್ಟಿದಾಗಿನಿಂದ ಕಂಡಿದ್ದೇನೆ. ಪದವಿಪತ್ರ ಅವರ ಕೈಗಿಟ್ಟೆ.

ಚಳಿಗಾಲಕ್ಕೆ ಮುಂಚೆ ನನ್ನ ಲಿಫ್ಟ್ ಅವರ ಪ್ರದರ್ಶನದಲ್ಲಿ ನಿಂತಿತ್ತು. ಫಲಕದ ಮೇಲೆ 'ತಿಹೊಮಿರ್ ಮತ್ತು ತಂಡ'.

"ಸರ್, ನನ್ನ ಹೆಸರು?"

"ಅಯ್ಯೋ ಹುಚ್ಚೀ, ತಂಡ ಅಂದ್ರೆ ಯಾರು? ನೀನೇ ಅಲ್ವಾ!" ಸುತ್ತ ನಿಂತವರೆಲ್ಲ ನಕ್ಕರು. ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗಲೇ ಫೋನು. ನೆವೆಂಕಾ ಮೇಡಂ.

"ಆ ಸೋಮವಾರ ನಿನ್ನ ದಾರಿ ನೋಡಿದ್ವಿ ಕಣೇ. ಆಮೇಲೂ ಬರ್ತೀಯೇನೋ ಅಂತ ಕೋಣೆ ಖಾಲೀನೇ ಇಟ್ಟಿದ್ದೆ. ಇವತ್ತು ಇನ್ನೊಬ್ಬನಿಗೆ ಕೊಟ್ಟುಬಿಟ್ಟೆ. ನಮ್ಮಿಂದ ಏನಾದ್ರೂ ತಪ್ಪಾಯ್ತಾ ಅಂತ ಕೇಳೋಣ ಅನ್ನಿಸ್ತು, ಅಷ್ಟೇ."

"ಇಲ್ಲ ಮೇಡಂ" ಅಂದೆ.

ಅಮ್ಮ ಒಲೆಯ ಮೇಲೆ ಕೆಂಪು ಮೆಣಸಿನಕಾಯಿ ಸುಡುತ್ತಿದ್ದಳು. "ಯಾರೇ ಅದು?"

"ನೋವಿ ಸಾದ್‌ನವರು. ಸೀಟು ಬೇರೆಯವನಿಗೆ ಕೊಟ್ಟರಂತೆ."

ಅಮ್ಮನ ಮುಖ ಅರಳಿತು. "ನೋಡಿದ್ಯಾ? ನಾನು ಆವತ್ತೇ ಹೇಳಿರಲಿಲ್ವಾ?"