ಹಿಂದೆ ಮಣ್ಣಿಲ್ಲದ ಬಾವಿ

ಅದು ೨೦೧೪. ಹೆಸರಘಟ್ಟದ ತಮ್ಮ ತೋಟದಲ್ಲಿ ಬಾಡಿಗೆಗೆ ಕೊಡಲು ಮನೆ ಕಟ್ಟಿಸಲು ಹೊರಟಿದ್ದ ಯೋಗಾನಂದರು ಮೊಬೈಲಿನಲ್ಲಿ ಇಟಲಿಯ ಮನೆಗಳ ಫೋಟೊ ತೋರಿಸಿದರು. ಗಾರೆಯಿಲ್ಲ, ಸಿಮೆಂಟಿಲ್ಲ. ಬರೀ ಕಲ್ಲಿನ ಮೇಲೆ ಕಲ್ಲು, ರಾಗಿ ರಾಶಿಯಂತೆ ಚೂಪಗೆ ಏರಿದ ಚಾವಣಿ. ನನ್ನಪ್ಪ ಮುನಿಯಣ್ಣ ಕಣ್ಣು ಕಿರಿದು ಮಾಡಿ ನೋಡಿ, "ಬಾವಿ ಮಗುಚಿ ಮಡಗಿದ್ರೆ ಇದೇಯ" ಎಂದ. ನಮ್ಮ ಹಳ್ಳಿ ಸಿಂಗಾಪುರದಲ್ಲಿ ಅವನು ಕಟ್ಟಿದ್ದ ಬಾವಿಗಳೆಲ್ಲ ಲೇಔಟಿನಡಿ ಮುಚ್ಚಿಹೋಗಿದ್ದವು. ಕೆಲಸಕ್ಕೆ ಕೈ ತುರಿಸುತ್ತಿತ್ತು, ಒಪ್ಪಿಕೊಂಡೇಬಿಟ್ಟ.

ಮೂರು ತಿಂಗಳಿಗೆ ಚಾವಣಿ ಮುಗಿಯಿತು. ನಡುವೆ ಆಸರೆಗೆ ನಿಲ್ಲಿಸಿದ್ದ ಸರ್ವೆ ಕಂಬ ಎಳೆಯುವುದಷ್ಟೇ ಬಾಕಿ. ಬಾವಿ ಕಟ್ಟುವ ನಮ್ಮಲ್ಲಿ ಒಂದು ಹಾಳು ರೂಢಿ: ಆಸರೆ ತೆಗೆಯುವಾಗ ಕಟ್ಟಿದವನು ಒಳಗೇ ಕೂತಿರಬೇಕು. ಅಪ್ಪ ಎಲೆಅಡಿಕೆ ಚೀಲದ ಸಮೇತ ಒಳಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತ. ಕಂಬಕ್ಕೆ ಕಟ್ಟಿದ ಹಗ್ಗ ಬಾಗಿಲಾಚೆ ನನ್ನ ಕೈಯಲ್ಲಿತ್ತು.

"ಎಳಿಯಮ್ಮಿ!"

ಹಗ್ಗ ಬಿಗಿಯಾಗುತ್ತಲೇ ಅಪ್ಪನ ನೆತ್ತಿಯ ಮೇಲೆ ಪುಡಿಗಲ್ಲು ಉದುರಿತು. ಬಗ್ಗಿ ನೋಡಿದೆ. ಮೇಲೆ ಕಲ್ಲಿನ ಸಂದಿ ಅಗಲವಾಗಿತ್ತು. ಬಾವಿಯ ಕಲ್ಲಿಗೆ ಹಿಂದೆ ಮಣ್ಣಿರುತ್ತದೆ, ಅದು ಸುತ್ತಲಿಂದ ಒತ್ತಿ ಹಿಡಿಯುತ್ತದೆ. ಇಲ್ಲಿ ಹಿಂದೆ ಬರೀ ಗಾಳಿ! ನಲವತ್ತು ವರ್ಷದ ಕಸುಬುದಾರ ಅದನ್ನೇ ಮರೆತಿದ್ದ. ಕಲ್ಲು ಎತ್ತಿಕೊಟ್ಟ ನನಗೂ ಹೊಳೆದಿರಲಿಲ್ಲ.

"ಅಪ್ಪಾ, ಎದ್ದು ಬಾ! ಹಿಂದೆ ಮಣ್ಣಿಲ್ಲ, ಬಿದ್ದೋಯ್ತದೆ!"

"ಕಟ್ದೋನು ಎದ್ದು ಓಡೋದಾ? ಮಾನ ಓಯ್ತದೆ. ಎಳಿ."

"ಏನ್ ಕಲಾವತಿ, ಎಳೀರಿ ಮತ್ತೆ," ಎಂದರು ಯೋಗಾನಂದರು, ವಿಡಿಯೋ ಮಾಡುತ್ತ. ನನಗೆ ಮೈಯೆಲ್ಲ ಉರಿಯಿತು. ಹಗ್ಗವನ್ನು ಅವರ ಕೈಗೆ ತುರುಕಿ, ಒಳಗೆ ನುಗ್ಗಿ ಅಪ್ಪನ ಪಕ್ಕ ಕೂತೆ. ಆ ಮನುಷ್ಯ ನಿಜಕ್ಕೂ ಎಳೆದುಬಿಟ್ಟರೆ?

"ನೀನ್ಯಾಕೆ ಬಂದೆ? ಓಗಾಚೆ!"

"ಕಲ್ಲು ಕೊಟ್ಟೋಳು ನಾನು. ನಾನೂ ಕಟ್ದೋಳೇಯ. ಅವರೇ ಎಳೀಲಿ ಬುಡು."

ಅಪ್ಪ ಆಗ ಮೊದಲ ಸಲ ತಲೆಯೆತ್ತಿ ನೋಡಿದ. ಒಂದು ಚೂರು ನನ್ನ ಹೆಗಲಿಗೆ ಬಡಿಯಿತು. ಅವನ ಮುಖ ಬಿಳಿಚಿಕೊಂಡಿತು. "ಎಳೀಬ್ಯಾಡಿ ಸಾಮಿ!" ಎಂದು ಕೂಗುತ್ತ ನನ್ನ ಮಣಿಕಟ್ಟು ಹಿಡಿದು ದರದರನೆ ಹೊರಗೆಳೆದುಕೊಂಡು ಬಂದ.

ಆಮೇಲೆ ಯೋಗಾನಂದರು ದೂರ ನಿಂತು ಹಗ್ಗ ಜಗ್ಗಿದರು. ಕಂಬ ಬಿತ್ತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಇಡೀ ಚಾವಣಿ ದಬದಬನೆ ಒಳಕ್ಕೆ ಕುಸಿಯಿತು. ಬಾಗಿಲಿನಿಂದ ಧೂಳು ನುಗ್ಗಿ ಬಂತು.



"ಎಲೆಅಡಿಕೆ ಚೀಲ ಒಳಗೇ ಉಳ್ಕೊಂತು ಕಣಮ್ಮಿ," ಎಂದ ಅಪ್ಪ. ನನ್ನ ಮಣಿಕಟ್ಟು ಮಾತ್ರ ಬಿಡಲಿಲ್ಲ.