ತೊಟ್ಟಿಯಲ್ಲಿ ಉಳಿದದ್ದು

ಒಂದು ಮುಷ್ಟಿ ಹಂದಿ ಆಹಾರಕ್ಕಾಗಿ ಅವಳು ಸಿಕ್ಕಿಹಾಕಿಕೊಂಡಳು. ಹೇಳಿದರೆ ಯಾರಾದರೂ ನಗುತ್ತಾರೆ. ಬೇರೆ ಯಾರದಾದರೂ ಕಥೆಯಾಗಿದ್ದರೆ ಅವಳಿಗೂ ನಗು ಬರುತ್ತಿತ್ತು.

ಆ ಸಂಶೋಧನಾ ಕೇಂದ್ರದಲ್ಲಿ ಅವಳ ಕೆಲಸ ಹಂದಿಮರಿಗಳ ಮೊದಲ ಊಟದ ಮೇಲೆ. ತಾಯಿಯಿಂದ ಬೇರೆ ಮಾಡಿದ ಮರಿಗಳ ಮುಂದೆ ಎಂಥ ಒಳ್ಳೆಯ ಆಹಾರ ಸುರಿದರೂ ಅವು ಮೂಸಿ ನೋಡುವುದಿಲ್ಲ. ಕಿರುಚುತ್ತವೆ, ಸೊರಗುತ್ತವೆ, ಭೇದಿ ಹತ್ತಿ ಕೆಲವು ಸತ್ತೂ ಹೋಗುತ್ತವೆ. ಅವಳ ಯೋಚನೆ ಸರಳವಾಗಿತ್ತು. ತಾಯಿ ಹಂದಿಗೆ ಗಬ್ಬದಲ್ಲೂ ಹಾಲೂಡಿಸುವಾಗಲೂ ಸೋಂಪು ಬೆರೆಸಿದ ಆಹಾರ ಕೊಡುವುದು, ಆಮೇಲೆ ಮರಿಗಳ ತೊಟ್ಟಿಗೂ ಅದೇ ಸೋಂಪು ಹಾಕುವುದು. ತಾಯಿಯ ಹಾಲಿನಿಂದಲೇ ಗೊತ್ತಿರುವ ವಾಸನೆ ಅಂತ ಅವು ಬಾಯಿ ಹಾಕಬಹುದು. ಶೆಡ್ಡಿನ ಎಡಗಡೆಯ ಮರಿಗಳಿಗೆ ಸೋಂಪಿನ ಆಹಾರ, ಬಲಗಡೆಯವಕ್ಕೆ ಸಾದಾ. ಎಷ್ಟು ಹಾಕಿದ್ದು, ತೊಟ್ಟಿಯಲ್ಲಿ ಎಷ್ಟು ಉಳಿದದ್ದು, ದಿನಾ ತೂಗಬೇಕು. ಹಾಕಿದ್ದಕ್ಕಿಂತ ಉಳಿದದ್ದೇ ಮುಖ್ಯ ಎಂದು ಅವಳು ಹೇಳಿ ಹೇಳಿ, ಹಂದಿಗಳನ್ನು ನೋಡಿಕೊಳ್ಳುವ ಮೇಸ್ತ್ರಿ ಅವಳಿಗೆ ತಕ್ಕಡಿ ಮೇಡಂ ಎಂದು ಹೆಸರಿಟ್ಟಿದ್ದ. ಎದುರಿಗೇ ಹಾಗೆ ಕರೆಯುತ್ತಿದ್ದ.

ಅಲ್ಲಿ ಒಳಗೆ ಹೋಗುವುದೂ ಹೊರಗೆ ಬರುವುದೂ ಸಲೀಸಲ್ಲ. ಹೊರಗಿನ ಕೋಣೆಯಲ್ಲಿ ಮೈಮೇಲಿನದನ್ನೆಲ್ಲ ಬಿಚ್ಚಿ ಗೂಟಕ್ಕೆ ಹಾಕಬೇಕು. ಔಷಧಿ ನಾತದ ಸೋಪಿನಲ್ಲಿ ತಲೆಯಿಂದ ಕಾಲಿನವರೆಗೆ ಮೀಯಬೇಕು. ಆಮೇಲೆ ಒಳಗಿನ ಕೋಣೆಯಲ್ಲಿ ಕೇಂದ್ರದ ಬಟ್ಟೆ ತೊಡಬೇಕು. ಬರುವಾಗ ಇದೇ ತಿರುಗಾಮುರುಗಾ. ಹೊರಗಿನ ರೋಗ ಒಳಗೆ ಬರಬಾರದು, ಒಳಗಿನದು ಹೊರಗೆ ಹೋಗಬಾರದು, ಅಷ್ಟೇ ಅದರ ತಾತ್ಪರ್ಯ.

ಹೆರಿಗೆ ರಜೆ ಮುಗಿಸಿ ಅವಳು ಕೆಲಸಕ್ಕೆ ಬಂದು ವಾರವೂ ಆಗಿರಲಿಲ್ಲ. ಬೆಳಗ್ಗೆ ಮಗಳಿಗೆ ಹಾಲು ಕೊಟ್ಟು ಬರುವುದು, ಮಧ್ಯಾಹ್ನ ಸ್ಕೂಟರಿನಲ್ಲಿ ಓಡಿಹೋಗಿ ಮತ್ತೆ ಕೊಡುವುದು, ಹೀಗೆ ನಡೆದಿತ್ತು. ಆ ಮಧ್ಯಾಹ್ನವೂ ಮಿಂದು, ತನ್ನ ನೀಲಿ ಅಂಗಿ ತೊಟ್ಟು, ಗುಂಡಿಯನ್ನೂ ಹಾಕಿಕೊಂಡಿದ್ದಳು. ಅಂಗಿಯ ಎದೆಯ ಹತ್ತಿರ ಹಾಲು ಒಸರಿ ಕರೆಗಟ್ಟಿತ್ತು. ಚಪ್ಪಲಿ ಮೆಟ್ಟುವಾಗ ನೆನಪಾಯಿತು, ಕೊನೆಯ ತೊಟ್ಟಿಯಲ್ಲಿ ಉಳಿದದ್ದನ್ನು ತೂಗಿಲ್ಲ. ಬಿಟ್ಟುಬಿಡಬಹುದಿತ್ತು. ಬಿಟ್ಟಿದ್ದರೆ ಒಂದು ಗೂಡಿನ ಒಂದು ದಿನದ ಲೆಕ್ಕ ಹೋಗುತ್ತಿತ್ತು, ಪ್ರಪಂಚ ಮುಳುಗುತ್ತಿರಲಿಲ್ಲ. ಆದರೆ ತಕ್ಕಡಿ ಮೇಡಂ ಬಿಡುವವಳೇ? ತನ್ನನ್ನೇ ಬೈದುಕೊಳ್ಳುತ್ತ ಮತ್ತೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದಳು, ಮತ್ತೆ ಮಿಂದಳು, ಒಳಗೆ ಹೋದಳು. ತೊಟ್ಟಿಯನ್ನು ಕೆರೆದರೆ ಸಿಕ್ಕಿದ್ದು ಒಂದು ಮುಷ್ಟಿ. ಅದನ್ನು ತೂಗುತ್ತಿದ್ದಾಗಲೇ ಹೊರಗೆ ಜೀಪು ನಿಂತ ಸದ್ದಾಯಿತು.

ಪಕ್ಕದ ಫಾರಮ್ಮಿನಲ್ಲಿ ಹಂದಿಜ್ವರ ಕಾಣಿಸಿಕೊಂಡಿತ್ತು. ಪಶುವೈದ್ಯಾಧಿಕಾರಿ ಗೇಟಿಗೆ ಬೀಗ ಜಡಿಸಿ ಮುದ್ರೆ ಒತ್ತಿಸಿ, ಕಂಬಿಯಾಚೆಯಿಂದಲೇ ಮಾತಾಡಿದ. ಇಲ್ಲಿನ ಹಂದಿಗಳ ರಕ್ತಪರೀಕ್ಷೆ ಎರಡು ಸಲ ಚೊಕ್ಕವಾಗಿ ಬರಬೇಕು. ಅಲ್ಲಿಯವರೆಗೆ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಒಳಗಿನಿಂದ ಒಂದು ಕಡ್ಡಿಯೂ ಆಚೆ ಬರಕೂಡದು.

"ಸಾರ್, ನಾನು ಆಗ್ಲೇ ಹೊರಗೆ ಬಂದಾಗಿತ್ತು. ಬಟ್ಟೆ ಕೂಡ ಹಾಕ್ಕೊಂಡಿದ್ದೆ."

"ಈಗ ಎಲ್ಲಿದೀರಿ?"

"ಒಳಗೆ."

"ಮತ್ತೆ?"

"ಮನೇಲಿ ಹಾಲು ಕುಡಿಯೋ ಮಗು ಇದೆ ಸಾರ್. ಬಾಟಲಿ ಅಭ್ಯಾಸ ಇಲ್ಲ."

ಅವನೇನು ಕೆಟ್ಟವನಲ್ಲ. ನೆಲ ನೋಡಿದ, ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ನನ್ನ ಕೈಲಿಲ್ಲಮ್ಮ. ಬೇಕಾದ್ದು ಒಳಗೆ ಕಳಿಸ್ತೀವಿ" ಎಂದು ಜೀಪು ಹತ್ತಿದ. ಬೇಕಾದದ್ದು ಜೀಪಿನಲ್ಲಿ ಬರುವಂಥದ್ದಲ್ಲ ಎಂದು ಅವನಿಗೆ ಯಾರು ಹೇಳಬೇಕು?

ಒಳಗೆ ಉಳಿದವರು ಇಬ್ಬರೇ. ಮೇಸ್ತ್ರಿ ಆಹಾರದ ಗೋದಾಮಿನಲ್ಲಿ ಮೂಟೆಗಳ ಮೇಲೆ ಹಾಸಿಗೆ ಹಾಕಿದ. ಅವಳಿಗೆ ಆಫೀಸಿನ ಕೋಣೆ, ಎರಡು ಮೇಜು ಜೋಡಿಸಿದ ಮಂಚ, ಗೋಡೆಗೆ ಹಂದಿಯ ಹೊಟ್ಟೆಯೊಳಗಿನದನ್ನು ಬಣ್ಣ ಬಣ್ಣವಾಗಿ ತೋರಿಸುವ ಪಟ, ಮೂಲೆಯಲ್ಲಿ ಫೋನು. ಆ ಫೋನು ಸಂಜೆಯಿಂದ ಸುಮ್ಮನಿರಲಿಲ್ಲ.

"ಬಾಟಲಿ ಬೇಡ ಅಂತಾಳೆ ಕಣಮ್ಮ. ಲೋಟದಲ್ಲಿ ಕೊಟ್ಟೆ, ಚಮಚದಲ್ಲಿ ಕೊಟ್ಟೆ, ಬೆರಳಲ್ಲಿ ನೆಕ್ಕಿಸಿದೆ. ಉಗೀತಾಳೆ" ಎಂದರು ಅತ್ತೆ.

"ಹಾಲು ಬೆಚ್ಚಗಿತ್ತಾ ಅತ್ತೆ?"

"ಇವಳ ಅಪ್ಪನ್ನ ಸಾಕಿದವಳು ನಾನು. ಬೆಚ್ಚಗಿತ್ತು."

ಅತ್ತೆಯ ಹಿಂದೆ ಮಗು ಅಳುತ್ತಿತ್ತು. ಆ ಅಳು ಕಿವಿಗೆ ಬಿದ್ದದ್ದೇ ತಡ, ಅವಳ ಎದೆ ತುಂಬಿ ಕೇಂದ್ರದ ಬಟ್ಟೆ ಒದ್ದೆಯಾಯಿತು. ಫೋನಿಟ್ಟು ಬಚ್ಚಲಿಗೆ ಹೋಗಿ ಹಿಂಡಿ ಸುರಿದಳು. ಹಾಲು ಬಿಳಿಯಾಗಿ ಸುತ್ತಿ ಮೋರಿಯ ಜಾಲರಿಯೊಳಗೆ ಇಳಿಯಿತು. ಅದೊಂದೇ ಅಲ್ಲಿಂದ ಆಚೆ ಹೋಗುತ್ತಿದ್ದದ್ದು.

ಕಣ್ಣು ಕೆಂಪಗೆ ಮಾಡಿಕೊಂಡು ಬಂದವಳನ್ನು ನೋಡಿ ಮೇಸ್ತ್ರಿಗೆ ಏನು ಮಾಡಬೇಕೋ ತೋಚಲಿಲ್ಲ. ತೋಚದಾಗ ಅವನು ತಮಾಷೆ ಮಾಡುವವನು.

"ಮೇಡಂ, ಬಲಗಡೆ ಆ ಪೀಚಲು ಮರಿ ಏನೂ ತಿಂತಿಲ್ಲ. ಮೋರಿಗೆ ಸುರಿಯೋ ಬದಲು ಅದಕ್ಕಾದ್ರೂ..."

"ಪ್ರಯೋಗ ಕೆಡುತ್ತೆ" ಎಂದಳು ಅವಳು, ಥಟ್ಟನೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಮೇಸ್ತ್ರಿ ನಕ್ಕ, ಆಮೇಲೆ ಅವಳು. ನಗುತ್ತ ನಗುತ್ತ ಅವಳು ಅಳತೊಡಗಿದಳು, ಮೇಸ್ತ್ರಿ ಪೊರಕೆ ಹಿಡಿದು ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದ.

ಮರುದಿನ ಬೆಳಗ್ಗೆ ಗಂಡನ ಫೋನು. ಅವನು ಎಲೆಕ್ಟ್ರಿಷಿಯನ್, ಮಾತು ಕಡಿಮೆ. ಅವತ್ತು ಇನ್ನೂ ಕಡಿಮೆಯಿತ್ತು.

"ಡಾಕ್ಟರ್ ಹತ್ರ ಹೋಗಿ ಬಂದ್ವಿ. ಸಂಜೆಯೊಳಗೆ ಏನೂ ಕುಡೀದಿದ್ರೆ ಅಡ್ಮಿಟ್ ಮಾಡಿ ಅಂದ್ರು. ಮೂಗಲ್ಲಿ ನಳಿಗೆ ಹಾಕಿ ಕೊಡ್ತಾರಂತೆ."

"ಈಗ ಏನ್ ಮಾಡ್ತಿದಾಳೆ?"

"ಅಳೋದು ನಿಲ್ಸಿದಾಳೆ."

ಅಳು ನಿಲ್ಲಿಸಿದ ಮರಿ ಎಂದರೆ ಏನೆಂದು ಅವಳಿಗೆ ಗೊತ್ತು. ಅಂಥವನ್ನು ಎಷ್ಟೋ ಸಲ ಕೈಯಲ್ಲಿ ಎತ್ತಿ ನೋಡಿದ್ದಾಳೆ. ಗೇಟಿನವರೆಗೆ ಓಡಿದಳು, ಬೀಗ ಹಿಡಿದು ಜಗ್ಗಿದಳು. ಆಚೆಗಿದ್ದ ಕಾವಲುಗಾರ ಪಾಪ ಎದ್ದು ನಿಂತ, ಬೀಗದ ಕೈ ಅವನ ಹತ್ತಿರವೂ ಇರಲಿಲ್ಲ. ಗೋಡೆ ಹಾರಲೇ ಎಂದುಕೊಂಡಳು. ಹಾರಿದರೆ ಒಳಗಿರುವ ಹಂದಿಗಳನ್ನೆಲ್ಲ ಕೊಂದು ಹೂಳುತ್ತಾರೆ, ತನ್ನನ್ನು ಹಿಡಿದು ತಂದು ಬೇರೆಲ್ಲೋ ಕೂಡುತ್ತಾರೆ, ಮಗು ಅಲ್ಲೇ ಇರುತ್ತದೆ. ಎತ್ತ ತಿರುಗಿದರೂ ಗೋಡೆಯೇ. ಕೈಗೆ ಕೆಲಸವಾದರೂ ಸಿಗಲಿ ಎಂದು ಶೆಡ್ಡಿಗೆ ಹೋದಳು.

ತೂಗುವುದು ಒಂದು ಬಾಕಿಯಿತ್ತಲ್ಲ. ಬಲಗಡೆಯ ಮರಿಗಳು ಗೋಡೆಗೊತ್ತಿಕೊಂಡು ಒಂದರ ಮೇಲೊಂದು ಬಿದ್ದಿದ್ದವು, ಅವುಗಳ ತೊಟ್ಟಿ ಹಾಕಿದ್ದು ಹಾಕಿದ ಹಾಗೇ ಇತ್ತು. ಎಡಗಡೆಯವು ತೊಟ್ಟಿಯಲ್ಲಿ ಮೂತಿ ಹುದುಗಿಸಿ ಚಪ್ಪರಿಸುತ್ತಿದ್ದವು. ಎರಡೂ ಕಡೆ ಒಂದೇ ಹಿಟ್ಟು, ಒಂದೇ ಎಣ್ಣೆ, ಒಂದೇ ಹಾಲಿನ ಪುಡಿ. ಬೇರೆಯಿದ್ದದ್ದು ವಾಸನೆ ಒಂದೇ.

ಅವಳು ತಕ್ಕಡಿಯನ್ನು ನೆಲಕ್ಕಿಟ್ಟಳು. ಮೂರು ವರ್ಷದಿಂದ ಕಂಡಕಂಡವರಿಗೆ ಇದನ್ನೇ ಬೋಧಿಸುತ್ತಿದ್ದವಳಿಗೆ ತನ್ನ ಮನೆಯ ವಿಷಯ ಬಂದಾಗ ಬುದ್ಧಿ ಮಣ್ಣು ತಿನ್ನಲು ಹೋಗಿತ್ತು. ಓಡಿಬಂದು ಗೇಟಿನ ಕಂಬಿಗೆ ಮುಖವಿಟ್ಟು ಕಾವಲುಗಾರನನ್ನು ಕೂಗಿದಳು.

"ಅಣ್ಣಾ, ಹೊರಗಿನ ಕೋಣೇಲಿ ಗೂಟದ ಮೇಲೆ ನನ್ನ ನೀಲಿ ಅಂಗಿ ಇದೆ. ಅದನ್ನ ನಮ್ಮ ಮನೆಯವರು ಬಂದಾಗ ಕೊಟ್ಬಿಡಿ. ಒದರಬೇಡಿ, ಮಡಿಸಬೇಡಿ, ಹಾಗೇ ಕೊಡಿ."

ಒಳಗಿನಿಂದ ಕಡ್ಡಿಯೂ ಆಚೆ ಹೋಗಬಾರದು ಎಂದಿದ್ದರು. ಅಂಗಿ ಆಗಲೇ ಆಚೆಯೇ ಇತ್ತು. ಅವಳಿಗಿಂತ ಅದೇ ಪುಣ್ಯ ಮಾಡಿತ್ತು.

ಫೋನಿನಲ್ಲಿ ಅತ್ತೆಗೆ ಬಿಡಿಸಿ ಹೇಳಿದಳು. ಅಂಗಿಯನ್ನು ಒಗೆಯಬಾರದು, ನೀವೇ ತೊಟ್ಟುಕೊಳ್ಳಿ, ಕರೆಯಿರುವ ಕಡೆಗೆ ಅವಳ ಮುಖ ಬರಲಿ, ಆಮೇಲೆ ಚಮಚ.

"ನಿನ್ನ ಅಂಗಿ ನನ್ನ ಒಂದು ತೋಳಿಗೂ ಸಾಲಲ್ಲ" ಎಂದರು ಅತ್ತೆ. "ಇರಲಿ, ಹೆಗಲಿಗೆ ಕಟ್ಕೋತೀನಿ."

ಅವಳು ಫೋನಿನ ಪಕ್ಕ ಕೂತಳು. ಮೇಸ್ತ್ರಿ ಬಾಗಿಲಲ್ಲಿ ನಿಂತು ಹೋದ, ಮತ್ತೆ ಬಂದು ನಿಂತ. ಬಿಸಿಲು ಪಟದ ಮೇಲಿನ ಹಂದಿಯ ಹೊಟ್ಟೆಯಿಂದ ಬಾಲಕ್ಕೆ ಸರಿದಾಗ ಫೋನು ಹೊಡೆದುಕೊಂಡಿತು. ಅತ್ತೆ ಫೋನನ್ನು ಮಗುವಿನ ಬಾಯಿಯ ಹತ್ತಿರ ಹಿಡಿದಿದ್ದರು. ಚಮಚ ಒಸಡಿಗೆ ತಾಗುವ ಸದ್ದು, ಗುಟುಕು, ಒಂದು ನಿಟ್ಟುಸಿರು, ಮತ್ತೆ ಗುಟುಕು.

"ಕುಡೀತಿದಾಳೆ" ಎಂದಳು ಮೇಸ್ತ್ರಿಗೆ. ಅವನು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, ಹಂದಿಗಳಿಗೆ ನೀರು ಬಿಡಬೇಕು ಎಂದು ನೆನಪಾದವನಂತೆ ಹೊರಟುಹೋದ.

ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಮೊದಲ ಪರೀಕ್ಷೆ ಚೊಕ್ಕವಾಗಿ ಬಂತು, ಎರಡನೆಯದು ಎಲ್ಲೋ ಕಳೆದುಹೋಗಿ ಮತ್ತೆ ರಕ್ತ ತೆಗೆಯಬೇಕಾಯಿತು. ಅಧಿಕಾರಿಯ ಜೀಪು ಬಂತು, ಹೋಯಿತು. ಮಗಳು ಮಗುಚಿಕೊಳ್ಳಲು ಕಲಿತದ್ದನ್ನು ಅವಳು ಫೋನಿನಲ್ಲಿ ಕೇಳಿದಳು. ಮಗುಚಿಕೊಳ್ಳುವುದನ್ನು ಕೇಳುವುದು ಹೇಗೆ? ಗಂಡ "ಈಗ... ಈಗ... ಆಯ್ತು" ಎಂದ, ಇವಳು ಇಲ್ಲಿ ಚಪ್ಪಾಳೆ ತಟ್ಟಿದಳು. ಹಾಲು ಹಿಂಡುವುದಕ್ಕೆ ದಿನದಿಂದ ದಿನಕ್ಕೆ ಕಡಿಮೆ ಹೊತ್ತು ಸಾಕಾಗುತ್ತಿತ್ತು. ಒಂದು ಬೆಳಗ್ಗೆ ಹಿಂಡುವುದಕ್ಕೆ ಏನೂ ಇರಲಿಲ್ಲ.

ಪ್ರಯೋಗದ ಕೊನೆಗೆ ಒಂದು ಪರೀಕ್ಷೆ ಉಳಿದಿತ್ತು. ತಾಯಿ ಹಂದಿಯನ್ನು ಮರಿಗಳ ಗೂಡಿನ ಮುಂದೆ ನಡೆಸಿಕೊಂಡು ಹೋಗಬೇಕು. ಮರಿಗಳು ತೊಟ್ಟಿಯಿಂದ ತಲೆ ಎತ್ತದಿದ್ದರೆ ಆಹಾರ ಗೆದ್ದ ಹಾಗೆ. ಈ ಪರೀಕ್ಷೆಯನ್ನು ಯೋಚಿಸಿದ್ದು ಅವಳೇ, ಮೆಚ್ಚುಗೆಯೂ ಬಂದಿತ್ತು. ಮೇಸ್ತ್ರಿ ಹಲಗೆ ಅಡ್ಡ ಹಿಡಿದು ದೊಡ್ಡ ಹಂದಿಯನ್ನು ಎಡಗಡೆಗೆ ತಂದ. ಅದು ಕಂಬಿಗೆ ಮೂತಿ ಚಾಚಿ, ಹಾಲೂಡಿಸುವಾಗ ಕರೆಯುವ ದನಿಯಲ್ಲಿ ಗುರುಗುಟ್ಟಿತು. ಒಂದು ಮರಿಯೂ ತಲೆ ಎತ್ತಲಿಲ್ಲ.

"ಪಾಸು ಮೇಡಂ! ಫಸ್ಟ್ ಕ್ಲಾಸು!"

ಹಂದಿ ಮತ್ತೊಮ್ಮೆ ಕರೆಯಿತು.

"ಸಾಕು, ಕರ್ಕೊಂಡು ಹೋಗು" ಎಂದಳು. ಖುಷಿಪಡಬೇಕೆಂದು ಗೊತ್ತಿತ್ತು, ಪಡಲಾಗಲಿಲ್ಲ.

ಗೇಟು ತೆರೆದ ದಿನ ಅವಳು ಆ ಸೋಪಿನಲ್ಲಿ ಮಿಂದು, ಗಂಡ ತಂದ ಹೊಸದಾಗಿ ಒಗೆದ ಬಟ್ಟೆ ತೊಟ್ಟು ಮನೆಗೆ ಬಂದಳು. ಅತ್ತೆ ಬಾಗಿಲಲ್ಲಿದ್ದರು, ಸೊಂಟದ ಮೇಲೆ ಮಗಳು, ಹೆಗಲಿಗೆ ಕಟ್ಟಿದ ನೀಲಿ ಅಂಗಿ. ಮಗಳ ಕೆನ್ನೆ ತುಂಬಿಕೊಂಡಿತ್ತು. ಅವಳು ಮಗಳತ್ತ ಎರಡೂ ಕೈ ಚಾಚಿದಳು.

ಮಗು ನೋಡಿತು. ಅಂಗಡಿಯವನನ್ನೋ ಪಕ್ಕದ ಮನೆಯವರನ್ನೋ ನೋಡುವಂತೆ ಒಂದು ಗಳಿಗೆ ನೋಡಿ, ಅತ್ತೆಯ ಹೆಗಲಿನ ಅಂಗಿಯಲ್ಲಿ ಮುಖ ಹುದುಗಿಸಿತು. ಅವಳು ಹೆಸರು ಹಿಡಿದು ಕರೆದಳು, ಮತ್ತೆ ಕರೆದಳು. ಅದು ತಲೆ ಎತ್ತಲಿಲ್ಲ.

"ನಿದ್ದೆ ಮಂಪರು ಕಣಮ್ಮ, ಅದಕ್ಕೇ" ಎಂದರು ಅತ್ತೆ.

"ಅಂಗಿ ಕೊಡಿ ಅತ್ತೆ."

"ಇದನ್ನಾ? ಗಬ್ಬು ನಾರ್ತಿದೆ. ನೀನು ಬೇಡ ಅಂದೆ ಅಂತ ನೀರೇ ಸೋಕಿಸಿಲ್ಲ."

"ಕೊಡಿ."

ನಡುಮನೆಯಲ್ಲೇ ಒಗೆದ ಬಟ್ಟೆ ಬಿಚ್ಚಿ ಆ ಅಂಗಿ ತೊಟ್ಟಳು. ಹುಳಿ ಹಾಲು, ಜೊಲ್ಲು, ಅತ್ತೆಯ ಬೆವರು, ಎಲ್ಲ ಸೇರಿದ ವಾಸನೆ. ನೆಲದ ಮೇಲೆ ಕೂತಳು. ಅತ್ತೆ ಮಗುವನ್ನು ಅವಳ ಮಡಿಲಿಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಮಗುವಿನ ಮೂಗು ಅಲುಗಿತು. ಬಟ್ಟೆಯ ಮೇಲೆಯೇ ಬಾಯಿ ತಡಕಾಡಿತು. ಅವಳು ಗುಂಡಿ ಬಿಚ್ಚಿದಳು. ಮಗು ಬಾಯಿ ಹಾಕಿ ಜಗ್ಗಿತು, ಬಿಟ್ಟು ಮತ್ತೆ ಜಗ್ಗಿತು. ಅಲ್ಲಿ ಏನೂ ಇರಲಿಲ್ಲ.

ಆಗ ಅದು ತಲೆ ಎತ್ತಿ ಅವಳ ಮುಖವನ್ನೇ ನೋಡಿತು. ಹುಬ್ಬು ಗಂಟಾಯಿತು, ತುಟಿ ಅದುರಿತು, ಮುಖವೆಲ್ಲ ಕೆಂಪಾಗಿ, ಬೀದಿಗೆ ಕೇಳುವಂತೆ ಅಳತೊಡಗಿತು. ಸಣ್ಣ ಮುಷ್ಟಿಯಿಂದ ಅವಳ ಎದೆಗೆ ಬಡಿಯಿತು. ಅತ್ತೆ ಎತ್ತಿಕೊಳ್ಳಲು ಓಡಿಬಂದರು.

"ಬೇಡ ಅತ್ತೆ" ಎಂದಳು ಅವಳು, ಮಗುವನ್ನು ಇನ್ನಷ್ಟು ಅವಚಿಕೊಂಡು. "ಬೈತಿದಾಳೆ, ಬೈಲಿ ಬಿಡಿ. ನನ್ನನ್ನೇ ಬೈತಿರೋದು."