ಹೊಸ ಕಾರಿನ ನಾತ

"ಅಯ್ಯೋ ದೇವರೇ! ಒಳಗೆ ಹೆಣ ಗಿಣ ಇಟ್ಟಿದ್ದೀಯೇನಪ್ಪಾ?"

ಜಾಕ್ ಕೊಟ್ಟು ಮುಂದಿನ ಚಕ್ರ ಬಿಚ್ಚಿದ ಮೆತವಲ್ಲಿ ಹಿಂದಕ್ಕೆ ಸರಿದ. ಈಜಿಪ್ಟಿನ ಜಗಜೀಗ್ ಪೇಟೆಯ ಸೇತುವೆ ಕೆಳಗೆ ಕಾರು ತೊಳೆದೇ ತಲೆ ನರೆತ ಮನುಷ್ಯ. ಅವನೂ ಮೂಗು ಮುಚ್ಚಿಕೊಂಡ.

ಕಾರು ಅವನ ಭಾವೀ ಅಳಿಯ ವಗೀಹನದು. ಹೋದ ವಾರ ಅದು ಮನೆಗೆ ಬಂದಾಗ ದೃಷ್ಟಿ ತಾಗದಿರಲೆಂದು ಟಗರು ಕಡಿದಿದ್ದರು. ನೆತ್ತರಿನ ಮೇಲೆ ಚಕ್ರ ಹಾಯಿಸುವುದು ಎಲ್ಲರೂ ಮಾಡುವುದೇ. ಆದರೆ ಈ ಪುಣ್ಯಾತ್ಮ ಗೆಳೆಯರ ಚಪ್ಪಾಳೆಗೆ ಉಬ್ಬಿಹೋಗಿ, ಕಟುಕ ಕರುಳು ತೆಗೆಯುತ್ತಿದ್ದಾಗಲೇ ಅವನನ್ನು ಪಕ್ಕಕ್ಕೆ ಸರಿಸಿ, ಟಗರಿನ ಮೇಲೆಯೇ ಹಿಂದೆ ಮುಂದೆ ಓಡಿಸಿದ್ದ.

ಮಡ್‌ಗಾರ್ಡಿನ ಒಳಗೆಲ್ಲ ಉಣ್ಣೆ, ಕರುಳಿನ ಚೂರು, ಹಿಕ್ಕೆ. ಅದರಲ್ಲಿ ಬಿಳಿ ಹುಳ ಮಿಜಿಗುಡುತ್ತಿತ್ತು. ಟಗರಿನ ದಪ್ಪ ಬಾಲದ ಕೊಬ್ಬು, ಚಕ್ರ ಹಿಡಿದು ನಿಲ್ಲಿಸುವ ಬ್ರೇಕ್ ಕ್ಯಾಲಿಪರಿನ ಸಂದಿಗೆ ಸೇರಿ, ಬ್ರೇಕ್ ಒತ್ತಿದಾಗಲೆಲ್ಲ ಕರಗಿ, ಸೀದು, ಮತ್ತೆ ಹೆಪ್ಪುಗಟ್ಟಿತ್ತು. ಛೀ, ಆ ವಾಸನೆ ನಾಲಿಗೆಯ ಮೇಲೆಯೇ ಕೂರುತ್ತಿತ್ತು.

"ಮೇಲೆ ಮೇಲೆ ನೀರು ಹೊಡೆದು ಸೆಂಟು ಹಾಕಿ, ಸಾಕು ಮಾವ," ಎಂದ ವಗೀಹ್, ದೂರದಿಂದ.

"ಜಿಡ್ಡು ಇದ್ರೆ ಬ್ರೇಕ್ ಹಿಡಿಯಲ್ಲ ಮಗಾ. ನಾಳೆ ನಿಕಾಹ್ ಮುಗಿಸಿ ನನ್ನ ಮಗಳು ಇದರಲ್ಲೇ ಕೂರಬೇಕು."

ಬ್ರಷ್ಷು ತೂರದ ಕಡೆ ಬೆರಳು ಹಾಕಿ ಕೆರೆದ. ಕೊಬ್ಬು ಉಗುರಿನೊಳಗೆ ಸೇರಿತು. ಓಕರಿಕೆ ಬಂದಾಗ ಮುಖ ತಿರುಗಿಸಿ, ಉಸಿರು ಬಿಗಿಹಿಡಿದು, ಮತ್ತೆ ಕೈ ಹಾಕಿದ.

"ನಿಮಗೇನು ಬಿಡಿ, ಅಭ್ಯಾಸ. ನಿಮ್ಮ ಮೂಗು ಯಾವತ್ತೋ ಸತ್ತಿದೆ!" ವಗೀಹ್ ನಕ್ಕ.

ಊಟದ ಡಬ್ಬಿ ಹಿಡಿದು ಬರುತ್ತಿದ್ದ ಮಗಳು ಇನ್ಷಿರಾಹ್‌ಗೆ ಆ ಮಾತು ಕೇಳಿಸಿತು. ಸ್ಟೂಲಿನ ಮೇಲೆ ರೊಟ್ಟಿ, ಬೇಯಿಸಿದ ಕಾಳು, ಉಪ್ಪಿನಕಾಯಿ ಇಟ್ಟಳು.

ಮೆತವಲ್ಲಿ ಸೋಪು ಹಚ್ಚಿ ಮೊಣಕೈವರೆಗೂ ತಿಕ್ಕಿ ತೊಳೆದ. ಸಾಲದೆಂದು ನಿಂಬೆಹಣ್ಣು ಉಜ್ಜಿದ. ಮೂಸಿ ನೋಡಿಕೊಂಡು, ಮತ್ತೊಮ್ಮೆ ತೊಳೆದ. ಮನೆಗೆ ಬರುವ ಅಳಿಯನಿಗೆ ಮೊದಲ ತುತ್ತು ತಾನೇ ಕೊಡಬೇಕೆಂಬ ಆಸೆ ಅವನಿಗೆ. ರೊಟ್ಟಿ ಮುರಿದು, ಕಾಳು ತುಂಬಿ, ವಗೀಹನ ಬಾಯಿಯ ಹತ್ತಿರ ಒಯ್ದ.

"ತಗೋ ಮಗಾ, ಬಿಸ್ಮಿಲ್ಲಾ."

ವಗೀಹ್ ತಟ್ಟನೆ ತಲೆ ಹಿಂದಕ್ಕೆಳೆದ. "ಆ ಕೈಯಿಂದಾನಾ? ಥೂ! ವಾಂತಿ ಬರತ್ತೆ ಮಾವ."

ಚಾಚಿದ ಕೈಯನ್ನು ಏನು ಮಾಡಬೇಕೆಂದು ಮೆತವಲ್ಲಿಗೆ ತಿಳಿಯಲಿಲ್ಲ. "ನಿಜ, ನಿಜ... ವಾಸನೆ ಇರತ್ತೆ," ಎಂದು ಪೆಚ್ಚಾಗಿ ನಕ್ಕ.

ಇನ್ಷಿರಾಹ್ ಮುಂದೆ ಬಂದು ಅಪ್ಪನ ಕೈ ಹಿಡಿದು, ಆ ತುತ್ತನ್ನು ಬಾಯಿಗೆ ಹಾಕಿಕೊಂಡಳು. ಅವಸರವಿಲ್ಲದೆ ಅಗಿದು ನುಂಗಿದಳು. ಆಮೇಲೆ ತನ್ನ ಬಲಗೈ ನೋಡಿಕೊಂಡಳು. ನಾಳೆ ನಿಕಾಹ್ ಆದಮೇಲೆ ಪದ್ಧತಿಯಂತೆ ಎಡಗೈಗೆ ಬದಲಾಗಬೇಕಾಗಿದ್ದ ನಿಶ್ಚಿತಾರ್ಥದ ಉಂಗುರವನ್ನು ಬಿಚ್ಚಲು ಎಳೆದಳು. ಬೆರಳಿನ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು.

"ಏ, ಏನೇ ಇದು? ತಮಾಷೆಗೆ ಅಂದೆ ಕಣೇ," ಎಂದ ವಗೀಹ್.

ಅವಳು ಅಪ್ಪನ ಕಡೆ ತಿರುಗಿದಳು.

"ಅಪ್ಪಾ," ಎಂದು ಬೆರಳು ಚಾಚಿದಳು, "ಒಂಚೂರು ಸೋಪು ಹಚ್ಚು."